ವಿಲ್ಯಾರೊಂದಾದ ದೊಡ್ಡ ಗಂಟೆ

ಸ್ಪೇನ್ ದೇಶದ ಬೆಟ್ಟಸೀಮೆಯಲ್ಲಿ ರೊಬ್ಲಿಯಾ ಅಂತ ಒಂದು ಹಳ್ಳಿ. ಹಳ್ಳದಾಚೆಯ ಚೆಸ್ಟ್‌ನಟ್ ತೋಪು ಬಿಟ್ಟರೆ ಅದಕ್ಕೆ ಬೇರೆ ಆಸ್ತಿಯಿಲ್ಲ. ಆ ಕಾಯಿಯ ಹಿಟ್ಟಿಲ್ಲದಿದ್ದರೆ ಚಳಿಗಾಲದಲ್ಲಿ ಉಪವಾಸವೇ.

ಪಕ್ಕದ ಪಟ್ಟಣ ವಿಲ್ಯಾರೊಂದಾ. ಅಲ್ಲಿನ ಮೇಯರ್ ಬಾಲ್ತಸಾರ್ ಚರ್ಚಿಗೊಂದು ಭಾರಿ ಗಂಟೆ ತರಿಸಿದ. ತರಿಸಿದವನು ಸುಮ್ಮನಿರಬಾರದೇ? ಸೀಮೆಯ ದೊರೆಯ ಮುಂದೆ ಹೋಗಿ ಎದೆಯುಬ್ಬಿಸಿದ.

“ನಮ್ಮ ಗಂಟೆ ಕೇಳಿಸುವಷ್ಟು ದೂರವೂ ನಮ್ಮ ಊರೇ, ಪ್ರಭು. ರೊಬ್ಲಿಯಾದ ತೋಪಿಗೂ ಕೇಳಿಸುತ್ತೆ, ತೋಪು ನಮ್ಮದು.”

ದೊರೆ, ಹಳ್ಳಿಯ ಪರವಾಗಿ ಬಂದಿದ್ದ ರೊಬ್ಲಿಯಾದ ಮುದುಕಿ ಫರ್ಮೀನಾಳ ಕಡೆ ತಿರುಗಿದ. “ನೀನೇನಮ್ಮ ಹೇಳ್ತೀಯ?”

ಫರ್ಮೀನಾ ಮಾತಿನಮಲ್ಲಿ. ಆದರೆ ಅವತ್ತು ಬಲು ಮೆತ್ತಗಿದ್ದಳು. “ಒಪ್ಪಿದೆ ಪ್ರಭು. ಕಾಯಿ ಬಿದ್ದು ಮುಗಿಯುವ ತನಕ ದಿನಾ ಹೊತ್ತೇರಿದ ಮೇಲೆ ಒಮ್ಮೆ ಗಂಟೆ ಹೊಡೆಸಲಿ. ಕೇಳಿಸಿದ ದಿನ ತೋಪು ಅವರದು, ನಾವೂ ಅವರ ಊರಿನವರು. ಕೇಳಿಸದ ದಿನ ನಮ್ಮದು.”

“ಕಿವುಡರಿಗೂ ಕೇಳಿಸ್ತೀನಿ,” ಅಂದ ಬಾಲ್ತಸಾರ್. ದೊರೆ ಹಾಗೇ ಅಪ್ಪಣೆ ಕೊಟ್ಟ.

ಆ ಸೀಮೆಯಲ್ಲಿ ಹಳೆಯದೊಂದು ಕಟ್ಟಳೆಯಿತ್ತು. ಪ್ರಾರ್ಥನೆಗಲ್ಲದೆ ಗಂಟೆ ಬಡಿದರೆ ಊರವರೆಲ್ಲ ಕೂಡಿ ದಾರಿಯನ್ನೋ ಕಾಲುವೆಯನ್ನೋ ಸರಿಮಾಡಬೇಕು. ಬಂದವರಿಗೆ ಗಂಟೆ ಹೊಡೆಸಿದವನೇ ರೊಟ್ಟಿ, ವೈನ್ ಕೊಡಬೇಕು. ಪಟ್ಟಣದವರು ಕೂಲಿಯಾಳು ಇಟ್ಟುಕೊಂಡು ಇದನ್ನು ಮರೆತೇಬಿಟ್ಟಿದ್ದರು. ಹಳ್ಳಿಯವರು ಮರೆಯುತ್ತಾರೆಯೇ?

ಮರುದಿನ ಗಂಟೆ ಬಡಿಯಿತು. ರೊಬ್ಲಿಯಾಕ್ಕೆ ರೊಬ್ಲಿಯಾವೇ ಸಲಿಕೆ ಹಿಡಿದು ಮೇಯರನ ಬಾಗಿಲಿಗೆ ಬಂತು.

“ಕರೆದಿರಲ್ಲ ಯಜಮಾನರೇ, ಬಂದೆವು,” ಅಂದಳು ಫರ್ಮೀನಾ.

“ಕೆಲಸ ಏನೂ ಇಲ್ಲ.”

“ಹಾಗಾದರೆ ಊಟಕ್ಕೇ ಕೂರ್ತೀವಿ.”

ಮಾರನೆಯ ದಿನ ಸುತ್ತಲಿನ ಹಳ್ಳಿಗಳವರೂ ತಮಗೂ ಕೇಳಿಸಿತೆಂದು ಬಂದರು. ದಿನೇ ದಿನೇ ಪಂಕ್ತಿ ಬೆಳೆಯಿತು. ಹೆಂಡತಿ ಬಾಲ್ತಸಾರನೊಂದಿಗೆ ಮಾತು ಬಿಟ್ಟಳು. ವೈನ್ ಪೀಪಾಯಿಗಳು ಬರಿದಾಗುತ್ತ ಬಂದವು. ಕೊನೆಗೆ ಅವನು ಸದ್ದು ದೂರ ಹೋಗದಂತೆ ಗಂಟೆಯ ನಾಲಗೆಗೆ ಕುರಿಚರ್ಮ ಸುತ್ತಿಸಿದ.

ಅವತ್ತು ಊಟಕ್ಕೆ ಒಬ್ಬರೂ ಬರಲಿಲ್ಲ. ಬಾಲ್ತಸಾರ್ ಉಸ್ಸೆಂದು ಕಿಟಕಿ ತೆಗೆದರೆ, ರೊಬ್ಲಿಯಾದವರು ತೋಪಿನಲ್ಲಿ ಕಾಯಿ ಆರಿಸುತ್ತಿದ್ದಾರೆ. ದೊರೆಯ ಬಳಿಗೆ ಓಡಿದ.

“ಕಳ್ಳತನ, ಪ್ರಭು. ಗಂಟೆ ಹೊಡೆಸಿದ್ದೀನಿ.”

ದೊರೆ ಫರ್ಮೀನಾಳನ್ನು ಕರೆಸಿ ಕೇಳಿದ.

“ನಮಗೆ ಕೇಳಿಸಲಿಲ್ಲ ಪ್ರಭು. ಆದರೂ ಕೇಳಿಸಿರಬೇಕು ಅಂತ ಮೇಯರರು ಒಂದು ಮಾತು ಹೇಳಲಿ, ಸಾಕು. ತೋಪು ಬಿಟ್ಟು ಎಲ್ಲರೂ ಈಗಲೇ ಅವರ ಮನೆಗೆ ಊಟಕ್ಕೆ ಹೊರಡ್ತೀವಿ. ಇವತ್ತು ಬೀಗರೂ ಬಂದಿದ್ದಾರೆ.”

ದೊರೆ ನಗು ತಡೆದುಕೊಂಡು ಬಾಲ್ತಸಾರನನ್ನು ನೋಡಿದ. “ಏನಪ್ಪಾ, ಗಂಟೆ ಕೇಳಿಸಿತೇ?”

“ಯಾವ ಗಂಟೆ, ಪ್ರಭು?” ಅಂದ ಬಾಲ್ತಸಾರ್.