ಪುಸ್ತಕದಲ್ಲಿಲ್ಲದ ಗಾಡಿ

“ಗುರುಗಳೇ, ಇನ್ನೊಬ್ಬರಿಗೆ ನೋವಾಗದಿರಲಿ ಎಂದು ಮಾಡಿದ ಕೆಲಸ ತಪ್ಪಾಗುವುದುಂಟೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ನಕ್ಕರು. “ಉಂಟು ಅಂದರೂ ಎದ್ದು ಹೋಗುತ್ತೀ, ಇಲ್ಲ ಅಂದರೂ ಎದ್ದು ಹೋಗುತ್ತೀ. ಕೂತುಕೋ, ಒಂದು ಕತೆ ಹೇಳುತ್ತೇನೆ,” ಎಂದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವರ್ತಕನಿದ್ದ. ಪ್ರಾಮಾಣಿಕ. ಬಟ್ಟೆಯ ಥಾನಿನಲ್ಲಿ ಎಲ್ಲಾದರೂ ಕಲೆ ಕಂಡರೆ, ಗಿರಾಕಿ ನೋಡುವ ಮೊದಲೇ ಅಷ್ಟು ಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನಷ್ಟೇ ಅಳೆದು ಕೊಡುವುದು ಅವನ ಅಂಗಡಿಯ ಪದ್ಧತಿ. ವಯಸ್ಸಾದ ಮೇಲೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿದ. ಹೊತ್ತು ಹೋಗಬೇಕಲ್ಲ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿ ಕೊಡುವ ಸಂಘವೊಂದು ಅವನ ಬೀದಿಯಲ್ಲೇ ಇತ್ತು. ಅಲ್ಲಿಗೆ ಹೋಗಿ, “ನನ್ನ ಕಂಠ ಚೆನ್ನಾಗಿದೆ, ಕನ್ನಡಕವೂ ಹೊಸದು, ನಾನೂ ಓದುತ್ತೇನೆ,” ಎಂದ. ಸಂಘದವರು ಒಂದೇ ಮಾತು ಹೇಳಿದರು: ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೇ ಓದಬೇಕು. ಅದೇನು ಮಹಾ, ಎಂದುಕೊಂಡ ವರ್ತಕ.

ಮೊದಲು ಕೈಗೆ ಬಂದದ್ದು ಒಂದು ಕಾದಂಬರಿ. ಅದು ಬೇಕೆಂದು ಕೇಳಿದ್ದವಳು ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಅಂಧ ಹೆಂಗಸು. ಆ ಊರಿನಲ್ಲಿ ಓದುಗರ ಕೂಟವಿತ್ತು. ತಿಂಗಳಿಗೊಬ್ಬರು ಎದ್ದು ನಿಂತು, ತಾವು ಓದಿದ ಪುಸ್ತಕದ ಬಗ್ಗೆ ಮಾತಾಡಬೇಕು. ಆಕೆ ವರ್ಷಗಟ್ಟಲೆ ಅಲ್ಲಿ ಕೂತು, ಬೇರೆಯವರ ಮಾತು ಕೇಳಿ, ಚಪ್ಪಾಳೆ ತಟ್ಟಿ ಮನೆಗೆ ಬಂದವಳು. ಈ ಸಲ ನಾನೂ ಮಾತಾಡುತ್ತೇನೆ ಎಂದು ಹೆಸರು ಕೊಟ್ಟಿದ್ದಳು.

ವರ್ತಕ ಹುರುಪಿನಿಂದ ಓದಲು ಕೂತ. ಅರ್ಧ ಪುಸ್ತಕವಾದ ಮೇಲೆ ನಾಲಿಗೆ ತಡೆಯಿತು. ಕತೆಯಲ್ಲಿ ಒಬ್ಬ ಕುರುಡ ಬರುತ್ತಾನೆ. ಅನ್ನ ಹಾಕಿದ ಮನೆಯಲ್ಲೇ ಒಡವೆ ಕದಿಯುತ್ತಾನೆ. ಇದನ್ನು ಆ ತಾಯಿಯ ಕಿವಿಗೆ ಹೇಗೆ ಹಾಕಲಿ ಎಂದು ವರ್ತಕ ಯೋಚಿಸಿದ. ಕಲೆ ಕತ್ತರಿಸಿ ಪಳಗಿದ ಕೈ. ಕುರುಡನನ್ನು ಕುಂಟನನ್ನಾಗಿ ಮಾಡಿ ಓದಿದ.

ಕದ್ದವನು ಓಡಲೇಬೇಕಲ್ಲ. ಪುಸ್ತಕದಲ್ಲಿ ಊರವರು ಕಳ್ಳನನ್ನು ಅಟ್ಟಿಸಿಕೊಂಡು ಬರುತ್ತಾರೆ. ಗಾಳಿಗೆ ಪಂಜು ಆರುತ್ತದೆ. ಕಣ್ಣಿದ್ದವರೆಲ್ಲ ಒಬ್ಬರ ಮೇಲೊಬ್ಬರು ಚರಂಡಿಗೆ ಬೀಳುತ್ತಾರೆ. ಕುರುಡನಿಗೆ ಕತ್ತಲೆ ಯಾವ ಲೆಕ್ಕ? ಗೋಡೆ ಸವರಿಕೊಂಡು ಓಡಿಯೇಬಿಡುತ್ತಾನೆ. ಕುಂಟ ಹಾಗೆ ಓಡುವುದು ಹೇಗೆ? ವರ್ತಕ ತಲೆ ಕೆರೆದುಕೊಂಡ. ಕೊನೆಗೆ ಪಂಜು, ಚರಂಡಿ ಎಲ್ಲ ಬಿಟ್ಟು, ಬೀದಿಯ ತುದಿಗೆ ಒಂದು ಎತ್ತಿನ ಗಾಡಿ ತಂದು ನಿಲ್ಲಿಸಿ, ಕುಂಟನನ್ನು ಹತ್ತಿಸಿ ಕಳಿಸಿಬಿಟ್ಟ. ಒಂದು ಜೀವಕ್ಕೆ ನೋವು ತಪ್ಪಿಸಿದೆನೆಂಬ ಸಂತೋಷಕ್ಕೆ ಅಂದು ಊಟದಲ್ಲಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡ.

ಕೂಟದ ದಿನ ವರ್ತಕನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತ. ಆಕೆ ಎದ್ದು ನಿಂತಳು. ದನಿ ನಡುಗಲಿಲ್ಲ. “ಈ ಕತೆಯ ಜೀವ ಇರುವುದು ಆ ಎತ್ತಿನ ಗಾಡಿಯಲ್ಲಿ,” ಎಂದಳು. “ಅದು ಯಾರದು, ಅಲ್ಲಿ ಯಾಕೆ ನಿಂತಿತ್ತು, ಲೇಖಕರು ಹೇಳುವುದೇ ಇಲ್ಲ. ಊರಿನಲ್ಲಿ ಯಾರೋ ಒಬ್ಬರಿಗೆ ಆ ಕಳ್ಳನ ಮೇಲೆ ಕರುಣೆ ಇತ್ತು. ಯಾರಿಗೆ?”

“ಯಾವ ಗಾಡಿ?” ಎಂದರು ಒಬ್ಬರು. ಪುಟ ಮಗುಚುವ ಸದ್ದಾಯಿತು. “ಪಾಪ, ಯಾರೋ ಓದಿ ಹೇಳಿದ್ದು, ಬಿಡಿ,” ಎಂದರು ಇನ್ನೊಬ್ಬರು. ಆಕೆ ಮಾತು ಮುಗಿಸದೆ ಕೂತಳು. ಎದ್ದು ನಿಜ ಹೇಳಿಬಿಡೋಣ ಎನಿಸಿತು ವರ್ತಕನಿಗೆ. ಆದರೆ ಏಳಲಿಲ್ಲ.

ಮರುದಿನ ಆಕೆ ಗೆಳತಿಯಿಂದ ಆ ಪುಟಗಳನ್ನು ಓದಿಸಿಕೊಂಡು, ನೇರ ವರ್ತಕನ ಮನೆಗೆ ಬಂದಳು.

“ಶೆಟ್ಟರೇ, ಆ ಗಾಡಿ ನಿಮ್ಮದೇ ತಾನೇ?”

“ಹೌದು ತಾಯೀ. ನಿಮ್ಮ ಮನಸ್ಸು ನೋಯಬಾರದು ಅಂತ.”

“ಕುರುಡ ಕಳ್ಳನಾದರೆ ಅವನನ್ನ ಬೈಯೋದಕ್ಕೆ ನನಗಿಂತ ಹಕ್ಕಿರೋರು ಆ ಸಭೆಯಲ್ಲಿ ಯಾರಿದ್ದರು ಹೇಳಿ. ಚೆನ್ನಾಗಿ ಬೈತಿದ್ದೆ. ಅಂಥವನನ್ನ ಬರೆದ ಲೇಖಕರನ್ನೂ ಬಿಡ್ತಿರಲಿಲ್ಲ. ಆಮೇಲೆ, ಅಷ್ಟು ಜನ ಕಣ್ಣಿದ್ದವರು ಚರಂಡಿಗೆ ಬಿದ್ದರಲ್ಲ, ಅಲ್ಲಿ ಒಳಗೊಳಗೇ ನಗ್ತಿದ್ದೆ. ಅದನ್ನೂ ತೆಗೆದುಬಿಟ್ಟಿರಿ.”

ಆಕೆ ಹೊರಟುಹೋದಳು. ವರ್ತಕ ಬಾಗಿಲಲ್ಲೇ ನಿಂತ. ಅಳುವ ಜಾಗವೆಂದು ತೆಗೆದೆ, ನಗುವ ಜಾಗವೂ ಅದೇ ಆಗಿತ್ತೇ? ತೆಗೆದದ್ದಕ್ಕೆ ನೊಂದಳು. ತೆಗೆಯದಿದ್ದರೆ ನೋಯುತ್ತಲೇ ಇರಲಿಲ್ಲವೇ? ಯಾವ ಕಡೆಯಿಂದ ಯೋಚಿಸಿದರೂ ಅವನಿಗೆ ಬಗೆಹರಿಯಲಿಲ್ಲ. ಸಂಘಕ್ಕೆ ಹೋಗಿ ಅದೇ ಪುಸ್ತಕವನ್ನು ಮೊದಲಿನಿಂದ ಓದಲು ಕೂತ. ಕುರುಡ ಬರುವ ಪುಟದಲ್ಲಿ ಕನ್ನಡಕ ತೆಗೆದು ಮತ್ತೆ ಮತ್ತೆ ಒರೆಸಿದ.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

“ಗುರುಗಳೇ, ಕೇಳುವ ಮೊದಲು ಇದ್ದ ಗೊಂದಲ ಈಗ ಎರಡರಷ್ಟಾಯಿತು,” ಎಂದ ಶಿಷ್ಯ. “ಇದ್ದ ಹಾಗೇ ಓದಿದ್ದರೆ ಆಕೆಗೆ ನೋವಾಗುತ್ತಿತ್ತು, ಅಷ್ಟಂತೂ ನಿಜವಲ್ಲವೇ?”

“ನಿಜ. ಆಕೆಯ ಪಾಲಿನ ಆ ನೋವನ್ನೂ ವರ್ತಕ ಆಕೆಗೆ ಕೊಡದೆ ತಾನೇ ಇಟ್ಟುಕೊಂಡ,” ಎಂದರು ಗುರುಗಳು.