ತೊಲೆಯ ನಡುವಿನ ಆಳು

"ಬುದ್ಧಿ, ಒಬ್ಬ ಆಟಗಾರನಿಗೆ ಕೊಡಬೇಕಾದದ್ದಕ್ಕಿಂತ ಹೆಚ್ಚು ಕೊಟ್ಟುಬಿಟ್ಟೆನೇ?" ಎಂದು ಮರುಳಸಿದ್ಧ ಮಠದ ಗುರುಗಳನ್ನು ಕೇಳಿದ.

ಅವನು ಬ್ಯಾಸ್ಕೆಟ್‌ಬಾಲ್ ತಂಡವೊಂದರ ತರಬೇತುದಾರ. ಚಿಕ್ಕಂದಿನಲ್ಲಿ ಇದೇ ಮಠದಲ್ಲಿ ಓದಿದವನು. ಬುಟ್ಟಿಯ ಕೆಳಗೆ ನಿಂತು ಆಡುವ ಎತ್ತರದ ಸೆಂಟರ್ ಒಬ್ಬ, ಹಳೆಯ ತಂಡದ ಕರಾರು ಮುಗಿದು, ಇನ್ನೂ ಯಾರಿಗೂ ಸೇರದೆ ಇದ್ದ. ಬೇರೆಯವರು ಅವನನ್ನು ಕರೆದುಕೊಂಡಾರು ಎಂಬ ಹೆದರಿಕೆಯಲ್ಲಿ ಮರುಳಸಿದ್ಧ ಮೂವರ ಸಂಬಳ ಅವನೊಬ್ಬನಿಗೇ ಒಪ್ಪಿಕೊಂಡಿದ್ದ. ಅವನು ಬಂದ ಮೇಲೆ ತಂಡ ನಾಲ್ಕು ಪಂದ್ಯ ಸೋತಿತ್ತು.

"ಕ್ಷೌರದಂಗಡಿಯಲ್ಲಿ ಕೂತರೂ ಅದೇ ಮಾತು, ಬುದ್ಧಿ. ಕಮಿಟಿಯವರು ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದಾರೆ. ಕೊಟ್ಟದ್ದಾದರೂ ವಸೂಲಾಗಲಿ ಎಂದು ಅವನನ್ನು ಒಂದು ನಿಮಿಷವೂ ಹೊರಗೆ ಕೂರಿಸುತ್ತಿಲ್ಲ. ಮಂಡಿಗೆ ಪಟ್ಟಿ ಸುತ್ತಿಕೊಂಡು ಆಡುತ್ತಾನೆ. ಏನೂ ಹೇಳುವುದಿಲ್ಲ."

ಗುರುಗಳು ಈ ಕತೆ ಹೇಳಿದರು.

ಒಬ್ಬ ಮೇಸ್ತ್ರಿ ಇದ್ದ. ಬೆಟ್ಟದ ಮೇಲೆ ಕಡಿದ ಮರದ ತೊಲೆಗಳನ್ನು ಹೊಳೆಯ ದಡಕ್ಕೆ ಇಳಿಸುವುದು ಅವನ ತಂಡದ ಕೆಲಸ. ಒಂದು ತೊಲೆಗೆ ಏಳು ಜನ. ದಾರಿಯ ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಮರಿ. ಹಿಂದಿನ ವರ್ಷ ನಡುವೆ ಹೊರುತ್ತಿದ್ದವನು ಆ ಕಮರಿಗೆ ಬಿದ್ದು ಸತ್ತಿದ್ದ. ಅಂದಿನಿಂದ ಮೇಸ್ತ್ರಿಗೆ ನಿದ್ದೆ ಕಡಿಮೆಯಾಗಿತ್ತು.

ನಡುವಿನ ಜಾಗಕ್ಕೆ ಆಳು ಹುಡುಕುತ್ತಿದ್ದಾಗ, ಯಾವ ತಂಡಕ್ಕೂ ಸೇರದ ಒಬ್ಬ ಎತ್ತರದ ಆಳು ಸಂತೆಯಲ್ಲಿ ಕಂಡ. ಬೇರೆ ಮೇಸ್ತ್ರಿಗಳೂ ಅವನನ್ನು ಕಂಡಿದ್ದರು. ಇವನು ಹೆದರಿ, ಮೂರು ಆಳಿನ ಕೂಲಿ ಕೊಡುತ್ತೇನೆ ಎಂದು ಅಲ್ಲಿಯೇ ಮಾತು ಕೊಟ್ಟ.

ತೊಲೆ ಹೊರುವವರಲ್ಲಿ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಎಲ್ಲರಿಗಿಂತ ಎತ್ತರದವನ ಹೆಗಲಿನ ಮಟ್ಟಕ್ಕೆ ಮೇಸ್ತ್ರಿ ದಾರ ಹಿಡಿಯುತ್ತಿದ್ದ. ಯಾರ ಹೆಗಲು ದಾರಕ್ಕಿಂತ ಕೆಳಗಿದೆಯೋ ಅವರ ಹೆಗಲ ಮೇಲೆ ಹಳೆ ಬಟ್ಟೆಯ ಮೆತ್ತೆ ಇಡುತ್ತಿದ್ದ. ಕುಳ್ಳನಿಗೆ ದಪ್ಪ ಮೆತ್ತೆ, ಎತ್ತರದವನಿಗೆ ತೆಳ್ಳಗಿನದು. ಆಗ ತೊಲೆ ಎಲ್ಲರ ಹೆಗಲನ್ನೂ ಮುಟ್ಟುತ್ತಿತ್ತು. ಹೊಸ ಆಳು ಬಂದ ದಿನ ಅವನೊಬ್ಬನನ್ನು ಬಿಟ್ಟು ಉಳಿದ ಆರು ಜನರಿಗೂ ಒಂದು ಗೇಣು ಮೆತ್ತೆ ಬೇಕಾಯಿತು.

ಆ ಆರು ಜನ ನಕ್ಕರು.

"ಏನ್ ಮೇಸ್ತ್ರಿ, ಮೂರಾಳಿನ ಕೂಲಿ ತಿನ್ನೋನು ಅವನು, ಹಾಸಿಗೆ ಹೊತ್ಕೊಂಡು ತಿರುಗೋರು ನಾವಾ?" ಎಂದ ಒಬ್ಬ.

"ಅವನಿಗೆ ಕೊಟ್ಟಿದ್ದು ಜಾಸ್ತಿ ಆಯ್ತು ಅಂತ ಊರೆಲ್ಲ ಆಡ್ಕೊಳ್ತಿದೆ. ಮೂರಾಳಿನ ಭಾರಾನೂ ಹೊರಲಿ ಬಿಡಿ," ಎಂದ ಇನ್ನೊಬ್ಬ.

ಮೇಸ್ತ್ರಿ ಅವರನ್ನು ಗದರಿಸಬಹುದಾಗಿತ್ತು. ಆದರೆ ಅದೇ ಮಾತು ಅವನ ಹೊಟ್ಟೆಯೊಳಗೂ ಇತ್ತು. ಮರುದಿನ ಅವನು ಆರು ಮೆತ್ತೆಗಳಿಂದಲೂ ಒಂದೊಂದು ಪದರ ಬಟ್ಟೆ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡ. ಅದರ ಮರುದಿನ ಇನ್ನೊಂದು ಪದರ.

ಮೂರನೆಯ ದಿನ ಎತ್ತರದ ಆಳು, "ಮೇಸ್ತ್ರಿ, ನಿನ್ನೆಗಿಂತ ಇವತ್ತು ತೊಲೆ ಭಾರ ಐತಲ್ಲ?" ಎಂದ.

"ಹಸಿ ಮರ ಕಣಪ್ಪಾ."

"ಹಂಗಾದ್ರೆ ಸರಿ. ಒಣಗ್ತದೆ ಬಿಡಿ."

ಅಂದಿನಿಂದ ಅವನು ಏನೂ ಹೇಳಲಿಲ್ಲ. ಮೇಸ್ತ್ರಿಯೂ ಕೇಳಲಿಲ್ಲ.

ಮೇಸ್ತ್ರಿ ಯಾವಾಗಲೂ ತಂಡದ ಹಿಂದೆ ನಡೆಯುತ್ತಿದ್ದ. ಹಿಂದಿನಿಂದ ಎಲ್ಲರ ಹೆಗಲೂ ಕಾಣುತ್ತದೆ. ಮೊದಲು ತೊಲೆ ಏಳು ಹೆಗಲುಗಳ ಮೇಲೂ ಕೂತಿತ್ತು. ಈಗ ಆರು ಹೆಗಲಿಗೂ ತೊಲೆಗೂ ನಡುವೆ ಎಳೆಯಷ್ಟು ಬೆಳಕು ಕಂಡಿತು. ಮರುದಿನ ಬೆರಳಷ್ಟು. ಆ ಆರು ಜನ ತೊಲೆಯ ಮೇಲೆ ಕೈಯಿಟ್ಟುಕೊಂಡು, ದನದ ಬೆನ್ನು ಸವರಿದ ಹಾಗೆ, ಹರಟೆ ಹೊಡೆಯುತ್ತ ನಡೆಯುತ್ತಿದ್ದರು. ನಡುವಿನವನ ಬಲಮಂಡಿ ಹೆಜ್ಜೆ ಹೆಜ್ಜೆಗೂ ಸಣ್ಣಗೆ ನಡುಗುತ್ತಿತ್ತು.

ಆ ಬೆಳಕನ್ನು ನೋಡಿದಾಗಲೆಲ್ಲ ಮೇಸ್ತ್ರಿಗೆ ಹೆದರಿಕೆಯಾಗುತ್ತಿತ್ತು. ಮೆತ್ತೆಗಳನ್ನು ಮತ್ತೆ ದಪ್ಪ ಮಾಡಬೇಕು ಎಂದುಕೊಳ್ಳುತ್ತಿದ್ದ. ಹಾಗೆ ಮಾಡಿದರೆ, ಇವನೂ ಎಲ್ಲರ ಹಾಗೆ ಒಬ್ಬ ಆಳು, ಇವನಿಗೆ ಮೂರು ಕೂಲಿ ಏಕೆ ಎಂದು ಆರು ಜನ ಕೇಳುತ್ತಾರೆ. ಅದೂ ಹೆದರಿಕೆ. ಈ ತೊಲೆಯೊಂದು ಇಳಿಯಲಿ, ನಾಳೆ ಸರಿಮಾಡೋಣ ಎಂದು ಪ್ರತಿ ತೊಲೆಗೂ ಹೇಳಿಕೊಂಡ. ಅವನ ಚೀಲ ದಿನದಿಂದ ದಿನಕ್ಕೆ ಉಬ್ಬಿತು.

ಹೀಗೆ ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ ಎಲ್ಲಕ್ಕಿಂತ ಉದ್ದದ ತೊಲೆ ಬಂತು. ಹಿಂದಿನ ವರ್ಷದ ಆಳು ಬಿದ್ದ ತಿರುವಿನಲ್ಲಿ ನಡುವಿನವನು ನಿಂತುಬಿಟ್ಟ. ಮೇಸ್ತ್ರಿಗೆ ಅವನ ಕತ್ತಿನ ಹಿಂಭಾಗ ಮಾತ್ರ ಕಾಣುತ್ತಿತ್ತು. ಅದು ಬೆವರಿನಿಂದ ಒದ್ದೆಯಾಗಿತ್ತು.

"ಕೈ ಬಿಟ್ಟು ಬಂಡೆ ಕಡೆ ಸರೀರಿ!" ಎಂದು ನಡುವಿನವನು ಕೂಗಿದ.

ಆರು ಜನ ಸರಿದರು. ಕೊನೆಯವನು ಬಂಡೆಗೆ ಆತುಕೊಳ್ಳುವ ತನಕ ಅವನು ಒಬ್ಬನೇ ಹಿಡಿದು ನಿಂತ. ಆಮೇಲೆ ಮಂಡಿ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಅವನು ದಾರಿಯ ಮೇಲೆಯೇ ಕುಸಿದ. ತೊಲೆ ಕಮರಿಗೆ ಹೋಯಿತು. ಅದು ತಳ ಮುಟ್ಟಿದ ಸದ್ದು ಬಹಳ ಹೊತ್ತಾದ ಮೇಲೆ ಬಂತು.

ಕಾಲಿಗೆ ಸುತ್ತಲು ಬಟ್ಟೆ ಬೇಕಾಯಿತು. ಮೇಸ್ತ್ರಿಯ ಚೀಲದಲ್ಲಿ ಬೇಕಾದಷ್ಟಿತ್ತು. ಅವನು ಒಂದೊಂದೇ ಪದರ ತೆಗೆದು ಸುತ್ತಿದ. ಮಲಗಿದ್ದವನು ಆ ಬಟ್ಟೆಗಳನ್ನು ನೋಡಿದ. ಹೆಗಲಿನ ಬೆವರಿನ ಕಲೆ ಅವುಗಳ ಮೇಲೆ ಇನ್ನೂ ಇತ್ತು.

"ಹಂಗಾದ್ರೆ ಮರ ಹಸಿ ಇರಲಿಲ್ಲ," ಎಂದ.

ಅವನು ಮತ್ತೆ ಭಾರ ಹೊರಲಿಲ್ಲ. ಕೋಲು ಹಿಡಿದು ಎಲ್ಲಿಗೋ ಹೋದ. ಉಳಿದ ಆರು ಜನರಿಗೆ ತಿಂಗಳುಗಟ್ಟಲೆ ಭಾರ ಮುಟ್ಟದೆ ಹೆಗಲು ಮೆತ್ತಗಾಗಿತ್ತು. ಅವರಿಂದ ಸಣ್ಣ ತೊಲೆಯೂ ಏಳಲಿಲ್ಲ. ತಂಡ ಒಡೆಯಿತು. ಆ ಎತ್ತರದವನಿಗೆ ಕೊಟ್ಟದ್ದು ಜಾಸ್ತಿಯಾಯಿತು, ಅದಕ್ಕೇ ಹೀಗಾಯಿತು ಎಂದು ಊರಿನವರು ಹೇಳಿದರು. ಮೇಸ್ತ್ರಿಯೂ ಹೌದು ಎಂದ.

ಗುರುಗಳು ಕತೆ ನಿಲ್ಲಿಸಿದರು.

ಮರುಳಸಿದ್ಧ ಕೆಳಗೆ ನೋಡುತ್ತಿದ್ದ. ಅವನಿಗೆ ತಿಳಿಯದೆಯೇ ಅವನ ಕೈ ಮಂಡಿಯನ್ನು ಹಿಡಿದುಕೊಂಡಿತ್ತು. "ಆದರೆ ಬುದ್ಧಿ," ಎಂದ ಮೆಲ್ಲಗೆ, "ಮೂರು ಆಳಿನ ಕೂಲಿ ಹೆಚ್ಚೋ ಅಲ್ಲವೋ, ಅದನ್ನು ತಾವು ಹೇಳಲಿಲ್ಲ."

"ಆ ಹುಡುಗ ಏನೂ ಹೇಳುವುದಿಲ್ಲ ಎಂದೆಯಲ್ಲ, ಮರುಳಸಿದ್ಧ, ನೀನು ಅವನನ್ನು ಕೇಳಿದ್ದೀಯಾ?" ಎಂದರು ಗುರುಗಳು.