ಏಳಕ್ಕೆ ಏಳೂ ಔಟು

ಕಲ್ಲಹಟ್ಟಿ ಕಬಡ್ಡಿ ತಂಡದ ಅಭಿಮಾನಿಗಳ ವಾಟ್ಸಾಪ್ ಗುಂಪಿಗೆ ಟೈಲರ್ ಚಿಕ್ಕತಾಯಮ್ಮನೇ ಅಡ್ಮಿನ್. ಅಧ್ಯಕ್ಷರು ಮಾತ್ರ ರಿಟೈರ್ಡ್ ರೆಫರಿ ಪುಟ್ಟಮಾದಪ್ಪನವರು. ನಿದ್ದೆಯಲ್ಲೂ ಅವರ ಕೊರಳಲ್ಲಿ ಸೀಟಿ.

ಒಂದು ದಿನ ಅವರು ಧುಮುಗುಡುತ್ತ ಅವಳ ಅಂಗಡಿಗೆ ನುಗ್ಗಿದರು. "ನಮ್ಮ ಗುಂಪಲ್ಲಿ ಹುಣಸೆಕೊಪ್ಪದ ಟೀಮಿನ ಕಡೆಯೋರು ಏಳು ಜನ ಅವ್ರೆ! ನಾವು ಸೋತ್ರೆ ಹಲ್ಲು ಕಿರೀತಾರೆ. ಒಬ್ರೂ ಇರಕೂಡ್ದು, ಎಲ್ಲಾರ್ನೂ ಔಟ್ ಮಾಡು!"

ಚಿಕ್ಕತಾಯಮ್ಮ ಹೊಲಿಗೆ ಮೆಷಿನ್ ನಿಲ್ಲಿಸಿದಳು. ಆ ಏಳು ಜನ ಕಿಚಾಯಿಸದಿದ್ದರೆ ಗುಂಪಿನಲ್ಲಿ ಉಳಿಯುವುದು ಬರೀ ಗುಡ್ ಮಾರ್ನಿಂಗ್ ಹೂವುಗಳು.

"ಕಬಡ್ಡಿ ರೂಲ್ಸ್ ಪ್ರಕಾರಾನೇ ಮಾಡ್ಲಾ ಸಾರ್?"

"ಮತ್ತೆ? ರೂಲ್ಸ್ ಅಂದ್ರೆ ರೂಲ್ಸು!"

ಅವಳು ಒಬ್ಬೊಬ್ಬರನ್ನೇ ತೆಗೆಯುತ್ತ ಹೋದಳು. ಒಬ್ಬೊಬ್ಬರಿಗೂ ಅಧ್ಯಕ್ಷರು ಪೀಂ ಎಂದು ಸೀಟಿ ಊದಿದರು. ಏಳನೆಯವನಿಗೆ ಕುಣಿದೇಬಿಟ್ಟರು.

"ಏಳಕ್ಕೆ ಏಳೂ ಔಟು, ನಿಮಗೆ ಏಳು ಪಾಯಿಂಟು. ಆಲೌಟ್ ಮಾಡಿದ್ದಕ್ಕೆ ಮೇಲೆ ಎರಡು" ಎಂದಳು ಚಿಕ್ಕತಾಯಮ್ಮ. "ಆಲೌಟ್ ಆದ ಟೀಮು ಆಮೇಲೆ ಏನ್ ಮಾಡ್ಬೇಕು ಸಾರ್?"

"ಏಳೂ ಜನ ಮತ್ತೆ ಅಂಕಣಕ್ಕೆ ಇಳೀಬೇಕು!" ರೆಫರಿಯ ಬಾಯಿಂದ ಉತ್ತರ ತಾನಾಗಿ ಹಾರಿತು. ಹೇಳಿದ ಮೇಲೆ ಎಡವಟ್ಟು ಹೊಳೆಯಿತು. ಅಷ್ಟರಲ್ಲಿ ಅವಳು ಏಳೂ ಜನರನ್ನು ವಾಪಸ್ ಸೇರಿಸಿಯಾಗಿತ್ತು.

ಅಧ್ಯಕ್ಷರು ತಲೆ ಕೆರೆದರು, ಬೆರಳು ಮಡಿಸಿದರು. ಮುಖ ನಿಧಾನಕ್ಕೆ ಅರಳಿತು.

"ಅಲ್ಲ ಕಣಮ್ಮ, ಕೂತಲ್ಲೇ ಒಂಬತ್ತು ಪಾಯಿಂಟು ಬಂತಲ್ಲ! ಎಲ್ಲಿ, ಇನ್ನೊಂದ್ಸಲ ತೆಗಿ!"

ಈಗಲೂ ಆ ಏಳು ಜನ ದಿನಾ ಬೆಳಿಗ್ಗೆ ಗುಂಪಿನಿಂದ ಔಟು, ಅಧ್ಯಕ್ಷರ ಕಾಫಿ ಆರುವುದರೊಳಗೆ ಮತ್ತೆ ಒಳಗೆ.